ಸತ್ತವರ ಕಥೆ, ಬದುಕಿದವರ ಜಗಳ

2016ರ ಅಕ್ಟೋಬರ್ 23, ಭಾನುವಾರ. ರಾತ್ರಿ ಹತ್ತು ಗಂಟೆ ದಾಟಿತ್ತು. ಟೀವಿ ಆರಿಸಿ ಏಳಬೇಕು ಎನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು. ಕಾಲೇಜಿನ ಹಾಸ್ಟೆಲಿನಿಂದ ಮಗ.

“ಅಪ್ಪ, ನೋಡಿದ್ಯಾ?”

“ನೋಡಿದೆ.”

“ನಂಗೆ ಸಾಕಾಯ್ತು. ಇನ್ಮೇಲೆ ನಾನು ನೋಡಲ್ಲ.”

ನನ್ನ ಮುಖ ನೋಡಿ ನನ್ನಾಕೆ ಅಡುಗೆಮನೆಯಿಂದ ಓಡಿಬಂದಳು. “ಏನಂತ್ರೀ? ಮೈಗೆ ಹುಷಾರಿಲ್ವಂತಾ?”

“ಅವನಿಗೇನೂ ಆಗಿಲ್ಲ. ಗ್ಲೆನ್ ಸತ್ತ.”

“ಅಯ್ಯೋ ದೇವರೇ! ಯಾರು, ಅವನ ರೂಂಮೇಟಾ?”

ಗ್ಲೆನ್ ನಮ್ಮ ಮಗನ ರೂಂಮೇಟ್ ಅಲ್ಲ. ‘ದಿ ವಾಕಿಂಗ್ ಡೆಡ್’ ಎಂಬ ಅಮೆರಿಕದ ಟೀವಿ ಧಾರಾವಾಹಿಯ ಒಂದು ಪಾತ್ರ. ಆದರೆ ಅಟ್ಲಾಂಟದ ಹೊರವಲಯದ ನಮ್ಮ ಮನೆಯಲ್ಲಿ ನಾಲ್ಕು ವರ್ಷ ಕಾಲ ಭಾನುವಾರ ರಾತ್ರಿಯ 9 ಗಂಟೆ ಅವನಂಥವರಿಗೇ ಮೀಸಲಾಗಿತ್ತು. ನೆಂಟರು ಬಂದರೂ ಒಂಬತ್ತರೊಳಗೆ ಊಟ ಮುಗಿಸಿ ಕಳಿಸುವಷ್ಟು ಹುಚ್ಚು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಗುಂಡೇಟು ತಿಂದು ಪ್ರಜ್ಞೆ ತಪ್ಪಿದ್ದ ರಿಕ್ ಎಂಬ ಪೊಲೀಸ್ ಅಧಿಕಾರಿ ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಾನೆ. ಅಷ್ಟರಲ್ಲಿ ಲೋಕವೇ ಹಾಳಾಗಿದೆ. ಸತ್ತವರು ಎದ್ದು ಓಡಾಡುತ್ತಿದ್ದಾರೆ, ಬದುಕಿದವರನ್ನು ಕಚ್ಚಿ ತಿನ್ನುತ್ತಿದ್ದಾರೆ. ನಾವೆಲ್ಲ ‘ಜಾಂಬಿ’ ಎನ್ನುವ ಇವರನ್ನು ಕಥೆಯ ಮಂದಿ ‘ವಾಕರ್ಸ್’ ಎನ್ನುತ್ತಾರೆ, ಅಂದರೆ ನಡೆದಾಡುವವರು. ರಿಕ್ ತನ್ನ ಹೆಂಡತಿಯನ್ನೂ ಮಗ ಕಾರ್ಲ್‌ನನ್ನೂ ಹುಡುಕಿಕೊಂಡು ಹೊರಡುತ್ತಾನೆ. ರಾಬರ್ಟ್ ಕರ್ಕ್‌ಮನ್ 2003ರಲ್ಲಿ ಆರಂಭಿಸಿದ ಕಾಮಿಕ್ಸ್ ಇದಕ್ಕೆ ಮೂಲ. ‘ಶಾಶಾಂಕ್ ರಿಡೆಂಪ್ಶನ್’ ಚಿತ್ರದ ನಿರ್ದೇಶಕ ಫ್ರಾಂಕ್ ಡೆರಬಾಂಟ್ ಅದನ್ನು ಟೀವಿಗೆ ತಂದರು. ಎಎಂಸಿ ಚಾನೆಲ್‌ನಲ್ಲಿ ಮೊದಲ ಕಂತು ಬಂದದ್ದು 2010ರ ಅಕ್ಟೋಬರ್ 31ರಂದು. ಚಿತ್ರೀಕರಣವೆಲ್ಲ ನಮ್ಮ ಜಾರ್ಜಿಯಾ ರಾಜ್ಯದಲ್ಲೇ. ರಿಕ್ ಕುದುರೆಯೇರಿ ಖಾಲಿ ಹೆದ್ದಾರಿಯಲ್ಲಿ ಅಟ್ಲಾಂಟಕ್ಕೆ ಬರುವ ಆ ಪ್ರಸಿದ್ಧ ನೋಟ ಕಾಣಬೇಕಾದರೆ ಜಾಕ್ಸನ್ ಸ್ಟ್ರೀಟ್ ಸೇತುವೆಯ ಮೇಲೆ ನಿಲ್ಲಬೇಕು. ನಾನೂ ಮಗನೂ ಎಷ್ಟೋ ಸಲ ನಿಂತಿದ್ದೇವೆ.

2012ರಲ್ಲಿ ಮಗನಿಗೆ ಹದಿನಾಲ್ಕು, ಒಂಬತ್ತನೇ ತರಗತಿ. ಶಾಲೆಯ ಹುಡುಗರೆಲ್ಲ ನೋಡುತ್ತಾರೆ, ತಾನೂ ನೋಡಬೇಕು ಎಂದು ಹಟ ಹಿಡಿದ. ದೊಡ್ಡವರಿಗೆ ಮಾತ್ರ ಎಂಬ ಗುರುತು ಹೊತ್ತ ಕಾರ್ಯಕ್ರಮ ಅದು. ರಕ್ತ ನೀರಿನಂತೆ ಹರಿಯುತ್ತದೆ. ನನ್ನಾಕೆ ಸುತರಾಂ ಒಪ್ಪಲಿಲ್ಲ. ಬೇಡವೆಂದರೆ ಗೆಳೆಯರ ಮನೆಯಲ್ಲಿ ನೋಡುತ್ತಾನೆಂದು ನನಗೆ ಗೊತ್ತಿತ್ತು. ಕೊನೆಗೊಂದು ಒಪ್ಪಂದವಾಯಿತು. ನೋಡುವುದಾದರೆ ಅಪ್ಪನ ಜೊತೆ ಮಾತ್ರ; ಮುಗಿದ ಮೇಲೆ ಹದಿನೈದು ನಿಮಿಷ ಮಾತು; ಆಮೇಲೆ ಹಾಸಿಗೆ.

ಆ ಹದಿನೈದು ನಿಮಿಷ ಯಾವತ್ತೂ ಹದಿನೈದಕ್ಕೆ ನಿಲ್ಲಲಿಲ್ಲ. ವಾರವಿಡೀ “ಹೂಂ”, “ಇಲ್ಲ” ಎಂಬೆರಡು ಮಾತಿನಲ್ಲಿ ಕಾಲ ಕಳೆಯುವ ಹುಡುಗ ಭಾನುವಾರ ರಾತ್ರಿ ಬಾಯಿ ಬಿಡುತ್ತಿದ್ದ. ಮೂರನೇ ಸೀಸನ್ನಿನ ಕೊನೆಯಲ್ಲಿ, ಬಂದೂಕು ಒಪ್ಪಿಸಲು ಮುಂದೆ ಬಂದ ಹುಡುಗನೊಬ್ಬನನ್ನು ಕಾರ್ಲ್ ಗುಂಡಿಟ್ಟು ಕೊಲ್ಲುತ್ತಾನೆ. ಕೊಂದದ್ದು ಸರಿಯೇ? “ಅವನು ಬಂದೂಕು ಕೆಳಗಿಡಲಿಲ್ಲ, ಕೈ ಚಾಚಿದ. ಕಾರ್ಲ್‌ಗೆ ಹೇಗೆ ಗೊತ್ತಾಗಬೇಕು?” ಎಂದು ಮಗ. “ಗೊತ್ತಾಗುವಷ್ಟು ಹೊತ್ತು ಕಾಯಬೇಕಿತ್ತು” ಎಂದು ನಾನು. ಮುಂದಿನ ಸೀಸನ್ನಿನಲ್ಲಿ ರಿಕ್ ಬಂದೂಕು ಬದಿಗಿಟ್ಟು ಜೈಲಿನ ಅಂಗಳದಲ್ಲಿ ಬೇಸಾಯಕ್ಕಿಳಿಯುತ್ತಾನೆ, ಮಗನನ್ನೂ ಮಣ್ಣಿಗಿಳಿಸುತ್ತಾನೆ. ಆ ರಾತ್ರಿ ನಾವು ಮಲಗಿದಾಗ ಗಂಟೆ ಹನ್ನೊಂದೂವರೆ. ಹೆಣಗಳ ನೆಪದಲ್ಲಿ ಇದು ಒಬ್ಬ ತಂದೆ ಮಗನನ್ನು ಬೆಳೆಸುವ ಕಥೆ ಎಂದು ನನಗೆ ಹೊಳೆದದ್ದು ಆಗ.

ನೋಡುಗರ ಸಂಖ್ಯೆಯೂ ಏರುತ್ತಿತ್ತು. ಸುಮಾರು 53 ಲಕ್ಷ ಮಂದಿಯಿಂದ ಆರಂಭವಾದದ್ದು 2014ರ ಅಕ್ಟೋಬರ್‌ನಲ್ಲಿ ಐದನೇ ಸೀಸನ್ ಶುರುವಾದಾಗ 1 ಕೋಟಿ 73 ಲಕ್ಷಕ್ಕೆ ಮುಟ್ಟಿತು. ಕಂತು ಮುಗಿದ ಮೇಲೆ ಅದರ ಬಗ್ಗೆ ಹರಟಲೆಂದೇ ‘ಟಾಕಿಂಗ್ ಡೆಡ್’ ಎಂಬ ಇನ್ನೊಂದು ಕಾರ್ಯಕ್ರಮವನ್ನು ಚಾನೆಲ್ಲೇ ನಡೆಸುತ್ತಿತ್ತು. ಅಂದರೆ ಜಗಳವೂ ವ್ಯಾಪಾರದ ಭಾಗವೇ ಎನ್ನಿ.

ಅಸಮಾಧಾನ ಶುರುವಾದದ್ದು 2015ರ ಅಕ್ಟೋಬರ್ ಕೊನೆಯಲ್ಲಿ. ವಾಕರ್ಸ್ ಗುಂಪಿನ ನಡುವೆ ಗ್ಲೆನ್ ಬೀಳುತ್ತಾನೆ, ಕರುಳು ಕೀಳುವುದು ಕಾಣುತ್ತದೆ. ನಟ ಸ್ಟೀವನ್ ಯೂನ್ ಹೆಸರನ್ನು ಆರಂಭದ ಪಟ್ಟಿಯಿಂದಲೂ ತೆಗೆದುಹಾಕಿದರು. ನಾಲ್ಕು ವಾರ ಕಳೆದ ಮೇಲೆ ನೋಡಿದರೆ, ಕಿತ್ತದ್ದು ಅವನ ಮೇಲೆ ಬಿದ್ದಿದ್ದ ಹೆಣದ ಕರುಳು. ಆತ ಕಸದ ತೊಟ್ಟಿಯ ಅಡಿಗೆ ತೆವಳಿ ಬದುಕಿದ್ದಾನೆ! ನಾನು ಸಂತೋಷದಿಂದ ಕುಣಿದೆ. ಮಗ ಮಾತ್ರ ಹುಬ್ಬು ಗಂಟಿಕ್ಕಿದ. “ಬದುಕಿದ್ದು ಸರಿ ಅಪ್ಪ. ಆದರೆ ಪಟ್ಟಿಯಿಂದ ಹೆಸರು ಯಾಕೆ ತೆಗೀಬೇಕಿತ್ತು?”

2016ರ ಏಪ್ರಿಲ್‌ನಲ್ಲಿ ಇನ್ನೊಂದು. ನೀಗನ್ ಎಂಬ ಖಳ ಮುಳ್ಳುತಂತಿ ಸುತ್ತಿದ ಬೇಸ್‌ಬಾಲ್ ದಾಂಡು ಹಿಡಿದು ಬರುತ್ತಾನೆ. ನಮ್ಮವರು ಹನ್ನೊಂದು ಮಂದಿ ಮಂಡಿಯೂರಿದ್ದಾರೆ. ಒಬ್ಬರ ತಲೆಯ ಮೇಲೆ ದಾಂಡು ಬೀಳುತ್ತದೆ. ಯಾರ ತಲೆ? ತೋರಿಸಲಿಲ್ಲ. ಪರದೆ ಕಪ್ಪಾಯಿತು. ಉತ್ತರಕ್ಕೆ ಆರು ತಿಂಗಳು ಮೀರಿ ಕಾಯಿರಿ ಎಂದರು. ಕಾದೆವು. ಅಕ್ಟೋಬರ್ 23ರಂದು ಸುಮಾರು 1 ಕೋಟಿ 70 ಲಕ್ಷ ಮಂದಿ ಟೀವಿ ಮುಂದೆ ಕೂತಾಗ ಎಬ್ರಹಾಂ ಸತ್ತ, ಅವನ ಹಿಂದೆಯೇ ಗ್ಲೆನ್ ಕೂಡ. ನೋಡಲಾಗದಷ್ಟು ಕ್ರೂರವಾಗಿತ್ತು. ಮುಂದಿನ ವಾರಕ್ಕೇ ನೋಡುಗರಲ್ಲಿ 45 ಲಕ್ಷ ಮಂದಿ ಕಡಿಮೆಯಾದರು. ಅವರಲ್ಲಿ ನನ್ನ ಮಗನೂ ಒಬ್ಬ.

ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮಗ ಮೂವರು ಗೆಳೆಯರನ್ನು ಕರೆತಂದ. ನನ್ನಾಕೆ ಬಿಸಿಬೇಳೆಭಾತ್ ಬಡಿಸುತ್ತಿದ್ದಳು. ಮಾತು ಅಲ್ಲಿಗೇ ಬಂತು.

ಕಾಮಿಕ್ಸ್ ಪೂರಾ ಓದಿದ್ದ ಹುಡುಗನೊಬ್ಬ ಧಾರಾವಾಹಿಯ ಪರ ವಕಾಲತ್ತು ವಹಿಸಿದ. “2012ರಲ್ಲಿ ಬಂದ ನೂರನೇ ಸಂಚಿಕೆಯಲ್ಲೇ ಗ್ಲೆನ್ ಹೀಗೇ ಸಾಯ್ತಾನೆ. ಮೂಲದಲ್ಲಿ ಇದ್ದದ್ದನ್ನೇ ತೋರಿಸಿದ್ದಾರೆ, ಇದರಲ್ಲಿ ತಪ್ಪೇನು?”

ವೈದ್ಯಕೀಯ ಓದಬೇಕೆಂದಿದ್ದ ಹುಡುಗಿಯದು ಬೇರೆ ವಾದ. ಕೆಟ್ಟಿರುವುದು ಈಗಲ್ಲ, ಎರಡನೇ ಸೀಸನ್ನಿನಲ್ಲೇ. 2011ರ ಜುಲೈನಲ್ಲಿ ಡೆರಬಾಂಟ್‌ರನ್ನು ಚಾನೆಲ್ ತೆಗೆದುಹಾಕಿದ ಮೇಲೆ ಕಥೆ ಒಂದು ತೋಟದಲ್ಲಿ ತಿಂಗಳುಗಟ್ಟಲೆ ಕೂತಿತ್ತು, ಯಾರಿಗೂ ಈಗ ಅದರ ನೆನಪಿಲ್ಲ ಎಂದಳು. “ಹಿಂದಿನದೆಲ್ಲ ಚೆನ್ನಾಗಿತ್ತು ಅನ್ನೋದು ನಮ್ಮ ಭ್ರಮೆ.”

ಮೂರನೆಯವನು ಲೆಕ್ಕದ ಹುಡುಗ. ಮೊದಲ ಸೀಸನ್ ಆರು ಕಂತು, ಎರಡನೆಯದು ಹದಿಮೂರು, ಮೂರರಿಂದ ಹದಿನಾರು. “ಹತ್ತು ಕಂತಿನ ಕಥೆಯನ್ನು ಹದಿನಾರಕ್ಕೆ ಎಳೆದರೆ ಸಾರು ನೀರಾಗದೆ ಇನ್ನೇನಾಗುತ್ತೆ?” ಎಂಬ ಅರ್ಥದ ಮಾತನಾಡಿದ. ಸಾರಿನ ಹೋಲಿಕೆ ನನ್ನದು; ಅವನು ಹೇಳಿದ್ದು ಕಾಫಿಯ ವಿಷಯ.

ನಾನೂ ಸುಮ್ಮನಿರಲಿಲ್ಲ. ಚಿಕ್ಕಂದಿನಲ್ಲಿ ನಮ್ಮೂರಿನ ದೇವಸ್ಥಾನದಲ್ಲಿ ಹರಿಕಥೆ ಮಾಡುತ್ತಿದ್ದ ದಾಸರು, ದ್ರೌಪದಿಯ ಸೀರೆಗೆ ದುಶ್ಶಾಸನ ಕೈ ಹಾಕಿದ ಹೊತ್ತಿಗೇ ಕಥೆ ನಿಲ್ಲಿಸಿ ಮಂಗಳಾರತಿ ತಟ್ಟೆ ಕಳಿಸುತ್ತಿದ್ದರು. ಕಾಸು ಬಿದ್ದ ಮೇಲೆಯೇ ಕೃಷ್ಣ ಬರುತ್ತಿದ್ದದ್ದು. “ಕುತೂಹಲ ಕೆರಳಿಸಿ ಕಾಯಿಸೋದು ಕಥೆ ಹೇಳುವವರ ಹಳೇ ಕಸುಬು ಕಣಪ್ಪ. ಅದಕ್ಕೆ ಮುನಿಸಿಕೊಂಡರೆ ಹೇಗೆ?” ಎಂದೆ.

ಮಗ ತಟ್ಟೆಯಿಂದ ತಲೆಯೆತ್ತಲಿಲ್ಲ. “ಕಾಯಿಸಿದ್ದಕ್ಕೆ ನಂಗೆ ಕೋಪ ಇಲ್ಲ. ಬೋರ್ ಆಗಿದ್ರೂ ನೋಡ್ತಿದ್ದೆ. ಆದರೆ ಗೊತ್ತಿದ್ದೂ, ನಾವು ತಡ್ಕೊಳ್ಳಲ್ಲ ಅಂತಲೋ, ನಮಗೆ ಗೊತ್ತಾಗಲ್ಲ ಅಂತಲೋ ಆಟ ಆಡಿಸಿದ್ರಲ್ಲ, ಅದು.” ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದ: “ಒಂದ್ಸಲ ಹಾಗೆ ಮಾಡಿದ ಮೇಲೆ, ನಿಜ ಹೇಳಿದ್ರೂ ನಂಬೋಕೆ ಆಗಲ್ಲ.”

ಗೆಳೆಯರಿಗೆ ಅದು ಧಾರಾವಾಹಿಯ ಮಾತು. ನಮ್ಮಿಬ್ಬರಿಗೆ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು.

ಅದೇ ವರ್ಷ ಮೇ ತಿಂಗಳಲ್ಲಿ ಮೈಸೂರಿನಲ್ಲಿ ನನ್ನ ತಂದೆ ತೀರಿಕೊಂಡರು. ಮಗನಿಗೆ ಹೈಸ್ಕೂಲಿನ ಕೊನೆಯ ಪರೀಕ್ಷೆಗಳ ಸಮಯ. ತಾತ ಎಂದರೆ ಅವನಿಗೆ ಪ್ರಾಣ. ಹೇಳಿದರೆ ಪರೀಕ್ಷೆ ಕೆಡುತ್ತದೆಂದು ನಾವಿಬ್ಬರೂ ಮಾತಾಡಿಕೊಂಡು ಮುಚ್ಚಿಟ್ಟೆವು. ಆಫೀಸಿನ ಕೆಲಸದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತೇನೆಂದು ಸುಳ್ಳು ಹೇಳಿ ಊರಿಗೆ ಹೋದೆ. ಎರಡು ಸಲ ಅವನು ಫೋನಿನಲ್ಲಿ ತಾತನನ್ನು ವಿಚಾರಿಸಿದ. “ಪರವಾಗಿಲ್ಲ, ಚೆನ್ನಾಗಿದಾರೆ” ಎಂದೆ. ವೈಕುಂಠ ಸಮಾರಾಧನೆ ಮುಗಿಸಿ ವಾಪಸಾದೆ. ಮನೆಗೆ ಹೋಗಿ ನಿಧಾನವಾಗಿ ಹೇಳೋಣ ಎಂದುಕೊಂಡಿದ್ದೆ. ಏರ್‌ಪೋರ್ಟಿಗೆ ಕಾರು ತಂದದ್ದು ಅವನೇ. ನನ್ನ ಟೋಪಿ ನೋಡಿದ, ಅದರ ಕೆಳಗಿನ ಬೋಳು ತಲೆ ನೋಡಿದ. ಏನೂ ಕೇಳಲಿಲ್ಲ. ಮನೆ ಸೇರುವ ತನಕ ಒಂದೇ ಒಂದು ಮಾತಾಡಲಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕವೇ ಬಂತು. ಅದನ್ನು ಅವನು ನಮಗೆ ಹೇಳಿದ್ದು ಮೂರು ದಿನ ತಡವಾಗಿ.

ಅವನು ಬಿಟ್ಟರೂ ನಾನು ನೋಡುತ್ತಲೇ ಇದ್ದೆ, ಒಬ್ಬನೇ. “ಯಾಕ್ರೀ ನೋಡ್ತೀರಿ, ನೋಡಿ ಬೈತೀರಿ?” ಎಂದು ನನ್ನಾಕೆ ಕೇಳುತ್ತಿದ್ದಳು. ಬಿಟ್ಟರೆ ಭಾನುವಾರ ಅವನಿಗೆ ಫೋನು ಮಾಡಲು ನೆಪವಿರುವುದಿಲ್ಲ ಎಂದು ಹೇಗೆ ಹೇಳಲಿ?

2017ರ ಡಿಸೆಂಬರ್ 10ರಂದು ನನ್ನ ಸರದಿ ಬಂತು. ಕಾರ್ಲ್ ಅಂಗಿ ಎತ್ತಿ ಹೊಟ್ಟೆಯ ಮೇಲಿನ ಕಚ್ಚಿದ ಗಾಯ ತೋರಿಸಿದ. ಇನ್ನು ಅವನು ಉಳಿಯುವುದಿಲ್ಲ. ಕಾಮಿಕ್ಸ್‌ನಲ್ಲಿ ಆತ ಬದುಕಿಯೇ ಇದ್ದ. 2019ರಲ್ಲಿ 193ನೇ ಸಂಚಿಕೆಗೆ ಆ ಕಥೆ ಮುಗಿದಾಗ ಬೆಳೆದು, ಮದುವೆಯಾಗಿ, ಒಂದು ಹೆಣ್ಣುಮಗುವಿನ ತಂದೆಯಾಗಿದ್ದ. ರಿಕ್ ಪಟ್ಟ ಪಾಡೆಲ್ಲ ಯಾರಿಗಾಗಿ? ಮಗನೇ ಇಲ್ಲದ ಮೇಲೆ ಕಥೆಗೆ ಬೆನ್ನೆಲುಬೆಲ್ಲಿ? ಸಾವಿರಾರು ಅಭಿಮಾನಿಗಳು ನಿರ್ಮಾಪಕ ಸ್ಕಾಟ್ ಗಿಂಪಲ್‌ರನ್ನು ತೆಗೆಯಿರಿ ಎಂದು ಅರ್ಜಿಗೆ ಸಹಿ ಹಾಕಿದರು. ನಾನು ಸಹಿ ಹಾಕಲಿಲ್ಲ, ಮಗನಿಗೆ ಫೋನು ಮಾಡಿ ಅರ್ಧ ಗಂಟೆ ಕೂಗಾಡಿದೆ. ಅವನೇ ನನ್ನನ್ನು ಸಮಾಧಾನ ಮಾಡಿದ. “ಅಪ್ಪ, ನೀನೂ ಬಿಟ್ಟುಬಿಡು.”

ಬಿಡಲಿಲ್ಲ. 2018ರಲ್ಲಿ ಒಂಬತ್ತನೇ ಸೀಸನ್ನಿನ ಹೊಣೆ ಏಂಜೆಲಾ ಕಾಂಗ್ ಎಂಬ ಲೇಖಕಿಗೆ ಸಿಕ್ಕಿತು. ಕಥೆಗೆ ಮತ್ತೆ ಜೀವ ಬಂತು. ವಿಮರ್ಶಕರೂ ಹೊಗಳಿದರು. ನಾಯಕ ರಿಕ್ ಪಾತ್ರಧಾರಿ ಆಂಡ್ರೂ ಲಿಂಕನ್ ಅದೇ ನವೆಂಬರ್‌ನಲ್ಲಿ ನಿರ್ಗಮಿಸಿದರೂ ಕಂತುಗಳು ಚೆನ್ನಾಗಿಯೇ ಇದ್ದವು. ಆದರೆ ಹೋದ ಜನ ಬರಲಿಲ್ಲ. ಆ ಸೀಸನ್ನಿನ ಮೊದಲ ಕಂತಿಗೇ ನೋಡುಗರು 60 ಲಕ್ಷ. ಆಮೇಲೂ ಇಳಿಯುತ್ತಲೇ ಹೋಯಿತು. “ಈಗ ನಿಜವಾಗ್ಲೂ ಚೆನ್ನಾಗಿದೆ ಕಣೋ, ಒಂದು ಕಂತು ನೋಡು” ಎಂದೆ. “ಇರಬಹುದಪ್ಪ” ಎಂದ. ಅಷ್ಟೇ. ಕಥೆ ಸುಧಾರಿಸುವುದು ಒಂದು ವರ್ಷದ ಕೆಲಸ. ಹೋದ ನಂಬಿಕೆಗೆ ಅಂಥ ಲೆಕ್ಕವಿಲ್ಲ.

ಅದೇ ಡಿಸೆಂಬರ್‌ನಲ್ಲಿ ಮೈಸೂರಿನಿಂದ ತಮ್ಮನ ಫೋನು. ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ, ಆಪರೇಷನ್ ಆಗಬೇಕು. ಮಗನಿಗೆ ಮರುದಿನ ಸೆಮಿಸ್ಟರ್ ಪರೀಕ್ಷೆ. “ಮುಗಿಯಲಿ, ಆಮೇಲೆ ಹೇಳಿದರಾಯ್ತು” ಎಂದಳು ನನ್ನಾಕೆ. ನನಗೆ ಊಟದ ಮೇಜಿನ ಮಾತು ನೆನಪಾಯಿತು. ಕೂಡಲೇ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಅಜ್ಜಿ ಜೊತೆ ಮಾತಾಡ್ಬೋದಾ?” ಎಂದ. ಮಾತಾಡಿಸಿದೆ. ಆ ಪರೀಕ್ಷೆಯಲ್ಲಿ ಅವನಿಗೆ ಅಂಕ ಕಡಿಮೆ ಬಂತು. ಅದನ್ನು ಅವತ್ತೇ ಹೇಳಿದ.

ಹನ್ನೊಂದು ಸೀಸನ್, 177 ಕಂತು. 2022ರ ನವೆಂಬರ್ 20ರ ಭಾನುವಾರ ‘ದಿ ವಾಕಿಂಗ್ ಡೆಡ್’ ಮುಗಿಯಿತು. ಕೊನೆಯ ಕಂತನ್ನು ಚಾನೆಲ್ಲಿನಲ್ಲಿ ಅಂದು ನೋಡಿದವರು ಸುಮಾರು 22 ಲಕ್ಷ ಮಂದಿ. ನಾನೂ ಒಬ್ಬ. ಅಷ್ಟೇನೂ ಹೇಳಿಕೊಳ್ಳುವಂತಿರಲಿಲ್ಲ, ತೀರಾ ಕೆಟ್ಟದಾಗಿಯೂ ಇರಲಿಲ್ಲ. ಟೀವಿ ಆರಿಸಿದೆ. ಫೋನು ಬಡಿದುಕೊಂಡಿತು. ಮಗನಿಗೆ ಆಗ ಇಪ್ಪತ್ನಾಲ್ಕು, ಬೇರೆ ಊರಿನಲ್ಲಿ ಕೆಲಸ.

“ಮುಗೀತಾ ಅಪ್ಪ?”

“ಮುಗೀತು. ನೀನು ನೋಡಿದ್ಯಾ?”

“ಇಲ್ಲ. ನೀನು ಹೇಳು.”

ಹೇಳತೊಡಗಿದೆ. ಯಾರು ಸತ್ತರು, ಯಾರು ಉಳಿದರು ಎಂಬಲ್ಲಿಂದ ಮಾತು ಹಿಂದಕ್ಕೆ ಹೋಗಿ, ಬಂದೂಕು ಒಪ್ಪಿಸಲು ಬಂದ ಆ ಹುಡುಗನ ಹತ್ತಿರ ನಿಂತಿತು. ಕಾರ್ಲ್ ಮಾಡಿದ್ದು ಸರಿಯೇ ಎಂದು ಅವನು ಈಗಲೂ ವಾದಿಸಿದ. ಕಾಯಬೇಕಿತ್ತು ಎಂದು ನಾನೂ ಬಿಡಲಿಲ್ಲ.

“ನಾಳೆ ಆಫೀಸಿಲ್ವೇನ್ರೀ?” ಎಂದು ಒಳಗಿನಿಂದ ನನ್ನಾಕೆ ಕೂಗಿದಾಗ ಗಂಟೆ ಹನ್ನೊಂದೂವರೆ.