ಬಾಯಾರಿದ ಕಾರಿಗೆ ಅರಿಶಿನ

ಕೊವೆಂಟ್ರಿಯಲ್ಲಿರುವ ಅಕ್ಕನ ಮಗ ಮೊನ್ನೆ ವಾಟ್ಸ್‌ಆ್ಯಪಿನಲ್ಲಿ ಒಂದು ಫೋಟೋ ಕಳಿಸಿದ. ಮನೆ ಮುಂದಿನ ಕಲ್ಲುಹಾಸಿನ ಮೇಲೆ ಗೇಣಗಲ ಹಸಿರು ನೀರು ನಿಂತಿದೆ. ಕೆಳಗೆ ಪ್ರಶ್ನೆ: "ಮಾವ, ರೇಡಿಯೇಟರ್ ಸೋರ್ತಿದೆ. ಹಳೇದನ್ನೇ ರಿಪೇರಿ ಮಾಡಿಸ್ಲಾ, ಅಲ್ಯೂಮಿನಿಯಂದು ಹೊಸದು ಹಾಕಿಸ್ಲಾ?"

ಕಾರು ಟ್ರಯಂಫ್ ಸ್ಪಿಟ್‌ಫೈರ್ 1500, ಎಪ್ಪತ್ತರ ದಶಕದ್ದು. ಇಬ್ಬರಿಗಷ್ಟೇ ಸೀಟು, ತಲೆ ಮೇಲೆ ಮಡಿಚುವ ಬಟ್ಟೆಯ ಟಾಪು, ಕೂತರೆ ನೆಲ ಕೈಗೆ ಸಿಗುವಷ್ಟು ತಗ್ಗು. ಎರಡು ಮಕ್ಕಳ ತಂದೆ ಎರಡು ಸೀಟಿನ ಕಾರು ಕೊಂಡಿದ್ದೇಕೆ ಎಂದು ಅಕ್ಕ ಆಗಲೇ ಕೇಳಿದ್ದಳು. "ಅದು ಸ್ಪೋರ್ಟ್ಸ್ ಕಾರಮ್ಮ" ಎಂದು ಅವನು ಹೇಳಿದ್ದು ಅವಳ ಲೆಕ್ಕದಲ್ಲಿ ಉತ್ತರವಾಗಿರಲಿಲ್ಲ. ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲದ ನನ್ನನ್ನು ಅವನು ಕೇಳಿದ್ದಕ್ಕೂ ಕಾರಣವಿದೆ. ಈ ಕಾಯಿಲೆಯ ಜೊತೆಗೇ ನಾನು ಬೆಳೆದವನು. ನಮ್ಮ ಚಿಕ್ಕಪ್ಪನ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು.

ಹೆರಾಲ್ಡ್ ಕಂಡವರಿಗೆ ಸ್ಪಿಟ್‌ಫೈರ್ ಬೇರೆ ಮನೆತನದ್ದಲ್ಲ. 1959ರಲ್ಲಿ ಬಂದ ಹೆರಾಲ್ಡಿನ ಮೈಕಟ್ಟು ಬರೆದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. 1962ರಲ್ಲಿ ಅದೇ ಚಾಸಿಯನ್ನು ಮೋಟು ಮಾಡಿ, ಅದೇ ಮಿಕೆಲೊಟ್ಟಿ ಬರೆದ ಇನ್ನೊಂದು ಮೈ ಕೂರಿಸಿದರು, ಅದೇ ಸ್ಪಿಟ್‌ಫೈರ್. ಇತ್ತ 1961ರಿಂದ ಮದ್ರಾಸಿನಲ್ಲಿ ಹೆರಾಲ್ಡ್ ತಯಾರಾಗತೊಡಗಿತು, ಟ್ರಯಂಫ್ ಎಂಬ ಮನೆಹೆಸರು ಬಿಟ್ಟು ಸ್ಟ್ಯಾಂಡರ್ಡ್ ಎಂದು ಇಟ್ಟುಕೊಂಡು. ಈ ವಂಶಾವಳಿ ಚಿಕ್ಕಪ್ಪನಿಗೆ ಬಾಯಿಪಾಠ. 1965ರ ಲೆ ಮಾನ್ಸ್ ಓಟದಲ್ಲಿ ಸ್ಪಿಟ್‌ಫೈರ್ ತನ್ನ ವರ್ಗದಲ್ಲಿ ಮೊದಲು ಬಂದಿದ್ದನ್ನು ಎಲ್ಲೋ ಓದಿಕೊಂಡು, "ಗೆದ್ದಿದ್ದು ನಮ್ಮದರ ತಮ್ಮ" ಎನ್ನುತ್ತಿದ್ದರು. ತೀರ್ಥಹಳ್ಳಿಯಲ್ಲಿ ವಕೀಲಿಕೆ ಅವರದು. ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ತಮ್ಮ 948 ಸಿ.ಸಿ. ಗಾಡಿ ಸ್ಪೋರ್ಟ್ಸ್ ಕಾರೇ ಹೌದೆಂದು ವಾದಿಸುವರು. ಪ್ರತಿವಾದಿ ಇರುತ್ತಿರಲಿಲ್ಲ, ನಮ್ಮ ಬೀದಿಯಲ್ಲಿ ಬೇರೆ ಕಾರೇ ಇರಲಿಲ್ಲ.

ಅವರ ವಾದ ಸೋಲುತ್ತಿದ್ದದ್ದು ಆಗುಂಬೆ ಘಾಟಿಯಲ್ಲಿ. ಉಡುಪಿಗೆ ಇಳಿಯುವಾಗ ಸುಖ. ಮರಳಿ ಬರುವಾಗ ಸೋಮೇಶ್ವರ ದಾಟಿದ ಮೇಲೆ ಹದಿನಾಲ್ಕು ತಿರುವು. ಫಸ್ಟ್ ಗೇರಿನಲ್ಲಿ ಇಂಜಿನ್ ಅರಚುತ್ತದೆ, ಗಾಡಿ ತೆವಳುತ್ತದೆ. ಒಳಗೆ ಬೆಂಕಿ ಜಾಸ್ತಿ, ಎದುರಿನಿಂದ ಬರುವ ಗಾಳಿ ಕಡಿಮೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಮರದಿಂದ ನೀರು, ಧರೆಯಿಂದ ನೀರು, ರಸ್ತೆಯ ಮೇಲೇ ಹರಿಯುವ ನೀರು. ಅಂಥ ಜಾಗದಲ್ಲಿ ನಮ್ಮ ಕಾರು ಒಂದು ಕೊಡ ನೀರಿಲ್ಲದೆ ಗಂಟಲೊಣಗಿ ನಿಲ್ಲುತ್ತಿತ್ತು.

ನಿಂತರೆ ಒಂದು ಶಾಸ್ತ್ರವಿತ್ತು. ಹೆರಾಲ್ಡಿನ ಬಾನೆಟ್ ಬರೀ ಮುಚ್ಚಳವಲ್ಲ. ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮೂತಿಯೇ ಮುಂದಕ್ಕೆ ಎದ್ದು ಬರುತ್ತದೆ. ಚಿಕ್ಕಪ್ಪ ಮುಂದಿನ ಟೈರಿನ ಮೇಲೆ ಕೂತು ಕಾಯುವರು. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟುವಂತಿಲ್ಲ. ಒತ್ತಡ ತಪ್ಪಿದ ಕೂಡಲೇ ಒಳಗಿನ ನೀರು ಭುಗಿಲ್ಲನೆ ಕುದಿದು ಮುಖಕ್ಕೆ ಹಾರುತ್ತದೆ. ಉಗಿ ಇಳಿದ ಮೇಲೆ ಒದ್ದೆ ಗೋಣಿಚೀಲ ಹಾಕಿ ಮುಚ್ಚಳವನ್ನು ಅರ್ಧ ತಿರುಗಿಸುವುದು, ಬುಸ್ ಎಂದು ನಿಟ್ಟುಸಿರು ಹೋಗಲು ಬಿಡುವುದು, ಆಮೇಲೆ ಪೂರ್ತಿ ತೆಗೆಯುವುದು. ಕಾದ ಇಂಜಿನ್ನಿಗೆ ತಣ್ಣೀರು ಒಮ್ಮೆಲೇ ಸುರಿದರೆ ಎರಕದ ಕಬ್ಬಿಣ ಸೀಳಿಬಿಡಬಹುದು. ಇಂಜಿನ್ ಓಡಿಸಿಕೊಂಡು ಸಣ್ಣಗೆ ಹೊಯ್ಯಬೇಕು. ನೀರು ತರುವ ಕೆಲಸ ಹುಡುಗರದ್ದು, ಅಂದರೆ ನನ್ನದು.

ನೀರಿಗೆ ಹೋಗುತ್ತಿದ್ದದ್ದು ಘಾಟಿ ಶುರುವಾಗುವ ಮುಂಚೆ ಸಿಗುವ ಒಂದು ಹೆಂಚಿನ ಮನೆಗೆ. ಅಂಗಳದಲ್ಲೇ ಬಾವಿ. ಅಲ್ಲಿದ್ದ ಅಜ್ಜಿಗೆ ಕಾರಿನ ಹೆಸರು ಗೊತ್ತಿರಲಿಲ್ಲ, ಅದರ ಬಾಯಾರಿಕೆ ಗೊತ್ತಿತ್ತು. ಬಂದವರಿಗೆ ಬೆಲ್ಲ, ನೀರು. ಕಾರಿಗೆ ಬಾವಿಯ ಕೊಡಪಾನ. ಒಂದು ಮಳೆಗಾಲದಲ್ಲಿ ಹೆಬ್ರಿಯಿಂದ ಈಚೆಗೇ ಉಗಿ ಏಳತೊಡಗಿ, ಅವರ ಮನೆ ಮುಟ್ಟುವಾಗ ರೇಡಿಯೇಟರಿನಿಂದ ಸಣ್ಣ ಧಾರೆಯೇ ಚಿಮ್ಮುತ್ತಿತ್ತು. ಚಿಕ್ಕಪ್ಪ ಜಗಲಿಯ ಹತ್ತಿರ ಹೋಗಿ, "ಅಮ್ಮಾ, ಸ್ವಲ್ಪ ಅರಿಶಿನದ ಪುಡಿ ಸಿಗುತ್ತದಾ?" ಎಂದರು.

"ಯಾರಿಗೆ ಗಾಯ ಆಯ್ತು ಮಾರಾಯ್ರೇ?"

"ಕಾರಿಗೆ."

ಅಜ್ಜಿ ಒಂದು ಕ್ಷಣ ನೋಡಿದರು. "ದೊಡ್ಡದಾ?"

"ಸಣ್ಣ ತೂತು ಅಮ್ಮಾ."

ಅವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಗಾಯ ಅಂದಮೇಲೆ ಅರಿಶಿನ. ಗಾಯ ಮನುಷ್ಯರದ್ದೇ ಆಗಬೇಕೆಂದು ಎಲ್ಲಿದೆ? ಒಂದು ಸೌಟು ತುಂಬ ತಂದುಕೊಟ್ಟರು. ಚಿಕ್ಕಪ್ಪ ಅದನ್ನು ಬಿಸಿನೀರಿನಲ್ಲಿ ಕದಡಿ ರೇಡಿಯೇಟರಿಗೆ ಹೊಯ್ದು, ಇಂಜಿನ್ ಓಡಲು ಬಿಟ್ಟರು. ಧಾರೆ ಹನಿಯಾಯಿತು, ಹನಿ ಹಳದಿಯಾಯಿತು, ಕೊನೆಗೆ ನಿಂತಿತು. ಹೊರಡುವ ಹೊತ್ತಿಗೆ ಅಜ್ಜಿ ಮತ್ತೆ ಬಂದರು, ಕೈಯಲ್ಲಿ ಭರಣಿ. "ಅರಿಶಿನ ಕೊಟ್ಟು ಕುಂಕುಮ ಕೊಡದೆ ಕಳಿಸುವುದುಂಟಾ?" ಎನ್ನುತ್ತ ಒಳಗೆ ಕೂತಿದ್ದ ಚಿಕ್ಕಮ್ಮನ ಹಣೆಗೆ ಇಟ್ಟು, ಇಂಥದ್ದರಲ್ಲಿ ಪಂಕ್ತಿಭೇದ ಬೇಡವೆಂದು ಬಾನೆಟ್ಟಿಗೂ ಒಂದು ಬೊಟ್ಟು ಇಟ್ಟರು. ಮುತ್ತೈದೆಯಾಗಿ ಘಾಟಿ ಹತ್ತಿದ ಸ್ಪೋರ್ಟ್ಸ್ ಕಾರು ಲೆ ಮಾನ್ಸಿನ ದಾಖಲೆಯಲ್ಲಿ ಇರಲಾರದು. ದಾರಿಯುದ್ದಕ್ಕೂ ಬಾನೆಟ್ಟಿನ ಸಂದಿಯಿಂದ ಹುಳಿ ಕುದಿಯುವ ಪರಿಮಳ.

ಇದರಲ್ಲಿ ಪವಾಡವಿಲ್ಲ. ಅರಿಶಿನದ ಕೊಂಬಿನಲ್ಲಿ ಪಿಷ್ಟ ಬೇಕಾದಷ್ಟಿದೆ. ಬಿಸಿನೀರಿನಲ್ಲಿ ಅದು ಊದಿಕೊಂಡು ಅಂಟಾಗುತ್ತದೆ. ತೂತಿನ ಬಾಯಿಗೆ ಬಂದ ನೀರು ಆವಿಯಾಗಿ ಹೋಗುತ್ತದೆ, ಪುಡಿ ಅಲ್ಲೇ ಉಳಿದು ಒಣಗಿ ಬಿರಡೆಯಾಗುತ್ತದೆ. ನಮ್ಮ ಲಾರಿ ಡ್ರೈವರುಗಳಿಗೆ ಈ ವಿದ್ಯೆ ಹಳೆಯದು. ಇದನ್ನು ಹಳ್ಳಿ ಮದ್ದೆಂದು ನಗುವವರಿಗೆ ನಾನು ಅಮೆರಿಕದ ಕತೆ ಹೇಳುತ್ತೇನೆ. ಅಲ್ಲಿ ಡಬ್ಬಿಯಲ್ಲಿ ಮಾರುವ ಸೋರಿಕೆ ತಡೆಯುವ ಮದ್ದುಗಳಲ್ಲಿ ಶುಂಠಿ ಬೇರಿನ ಪುಡಿ ಹಾಕುವುದುಂಟು. ಅದಕ್ಕೆ ಪೇಟೆಂಟನ್ನೂ ಪಡೆದಿದ್ದಾರೆ. ಶುಂಠಿ ಮತ್ತು ಅರಿಶಿನ ಸಸ್ಯಶಾಸ್ತ್ರದಲ್ಲಿ ಒಂದೇ ಕುಟುಂಬ. ಜಗತ್ತಿನ ಎರಡು ಕಡೆಯ ಜನ, ಒಬ್ಬರನ್ನೊಬ್ಬರು ಕೇಳದೆ, ಸೋರುವ ರೇಡಿಯೇಟರಿನ ಮುಂದೆ ನಿಂತು ಒಂದೇ ಮನೆಯ ಬಾಗಿಲು ತಟ್ಟಿದರಲ್ಲ! ಅಮೆರಿಕನ್ನರು ಶುಂಠಿಯಲ್ಲೇ ನಿಂತರು. ಬಣ್ಣ, ಪರಿಮಳ, ಮಂಗಳ ಮೂರೂ ಸೇರಿದ್ದು ನಮ್ಮ ಕಡೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಶಿವಮೊಗ್ಗದ ರೇಡಿಯೇಟರ್ ಮೇಸ್ತ್ರಿಗೆ ಮಾತ್ರ ಈ ಅಭಿಪ್ರಾಯ ಇರಲಿಲ್ಲ. ಅರಿಶಿನಕ್ಕೆ ಸೋರುವ ತೂತು ಯಾವುದು, ನೀರು ಹರಿಯಬೇಕಾದ ಕೊಳವೆ ಯಾವುದು ಎಂಬ ವಿವೇಕವಿಲ್ಲ. ಸೋರಿದಾಗೆಲ್ಲ ಅದನ್ನೇ ಹಾಕಿ ಹಾಕಿ, ಒಳಗಿನ ಹಿತ್ತಾಳೆಯ ತೆಳು ಕೊಳವೆಗಳು ಒಂದೊಂದಾಗಿ ಕಟ್ಟಿಕೊಂಡಿದ್ದವು. ಮೇಸ್ತ್ರಿ ಮೇಲಿನ ಟ್ಯಾಂಕ್ ಬಿಚ್ಚಿ ನೋಡಿ, "ರೇಡಿಯೇಟರಾ ಸ್ವಾಮಿ ಇದು, ಸಾರಿನ ಪಾತ್ರೆನಾ?" ಎಂದು ಕೇಳಿದ. ಆಮೇಲೆ ಕೊಳವೆ ಕೊಳವೆಗೂ ಸಪೂರ ಪಟ್ಟಿ ತೂರಿಸಿ ಗಸಿ ತೆಗೆದ. ಬಾಯಿಗಳನ್ನೆಲ್ಲ ಮುಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಪಂಪಿನಿಂದ ಗಾಳಿ ಒತ್ತಿದ. ಗುಳ್ಳೆ ಎದ್ದ ಕಡೆ ಸೀಮೆಸುಣ್ಣದ ಗುರುತು. ಗುರುತಿನ ಮೇಲೆ ಕೆರೆದು, ನವಸಾಗರ ಸವರಿ, ಬೆಂಕಿ ತೋರಿಸಿ, ತವರ ಸೀಸದ ಬೆಸುಗೆ ಹಚ್ಚಿದ. ತೀರಾ ಕೆಟ್ಟ ಕೊಳವೆಗಳನ್ನು ಎರಡೂ ತುದಿಯಲ್ಲಿ ಬೆಸೆದು ಮುಚ್ಚಿಯೇಬಿಟ್ಟ. ಅಷ್ಟು ಕೊಳವೆ ಕಡಿಮೆಯಾದರೂ ಉಳಿದವು ಸಂಸಾರ ನಡೆಸುತ್ತವೆ ಎಂದು ಅವನ ಭರವಸೆ.

ಬೆಸುಗೆಯ ಲೆಕ್ಕ ಹಾಕಿದರೆ ರೇಡಿಯೇಟರ್ ಸೋರುವುದರಲ್ಲಿ ಆಶ್ಚರ್ಯವಿಲ್ಲ, ಸೋರದೆ ಇರುವುದೇ ಆಶ್ಚರ್ಯ. 1901ರ ಮರ್ಸಿಡಿಸ್ ಕಾರಿಗೆ ವಿಲ್‌ಹೆಲ್ಮ್ ಮೇಬ್ಯಾಕ್ ಮಾಡಿದ ರೇಡಿಯೇಟರಿನಲ್ಲಿ ಆರು ಮಿಲಿಮೀಟರ್ ಚೌಕದ 8,070 ಕೊಳವೆಗಳು ಇದ್ದವಂತೆ. ಎಲ್ಲವನ್ನೂ ಪಕ್ಕಪಕ್ಕ ಬೆಸೆಯಬೇಕು. ಅದಕ್ಕೂ ಮೊದಲಿನ ಕಾರುಗಳು ಇನ್ನೂ ಸರಳ: ನೀರು ಸಿಲಿಂಡರಿನ ಸುತ್ತ ಕುದಿದು ಆವಿಯಾಗಿ ಹೋಗುವುದು, ಮತ್ತೆ ತುಂಬುವುದು. 1888ರ ಆಗಸ್ಟಿನಲ್ಲಿ ಬರ್ಥಾ ಬೆಂಜ್ ಗಂಡನಿಗೆ ಹೇಳದೆ ಮಕ್ಕಳಿಬ್ಬರನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಕಾರಿನಲ್ಲಿ ತವರಿಗೆ ಹೋದಳಲ್ಲ, ಆ ಕತೆಯಲ್ಲಿ ಎಲ್ಲರೂ ನೆನೆಯುವುದು ವೀಸ್‌ಲೋಖಿನ ಔಷಧಿ ಅಂಗಡಿಯಲ್ಲಿ ಅವಳು ಇಂಧನ ಕೊಂಡದ್ದನ್ನು. ನನ್ನ ಮನಸ್ಸು ನೀರಿನ ಕಡೆಗೇ ಹೋಗುತ್ತದೆ. ನೂರು ಕಿಲೋಮೀಟರ್ ದಾರಿಯಲ್ಲಿ ಆ ಕಾರು ಮತ್ತೆ ಮತ್ತೆ ನೀರು ಕೇಳಿತು. ಹೊತ್ತು ತಂದವರಲ್ಲಿ ಅವಳ ಹುಡುಗರು ಯೂಗೆನ್ ಮತ್ತು ರಿಚರ್ಡ್ ಇದ್ದೇ ಇರಬೇಕು. ಆ ಕಸುಬಿನಲ್ಲಿ ಅವರು ನನಗೆ ಹಿರಿಯರು.

ಅಳಿಯನ ಫೋಟೋದಲ್ಲಿದ್ದ ಹಸಿರು ನೀರು ಬೇರೆ ಜಾತಿ. ಚಳಿ ದೇಶದಲ್ಲಿ ಬರೀ ನೀರು ಹೆಪ್ಪುಗಟ್ಟಿ ಇಂಜಿನ್ನನ್ನೇ ಸೀಳುತ್ತದೆಂದು ಅದಕ್ಕೆ ಎಥಿಲೀನ್ ಗ್ಲೈಕಾಲ್ ಬೆರೆಸುತ್ತಾರೆ. ತುಕ್ಕು ತಡೆಯುವ ರಾಸಾಯನಿಕಗಳೂ ಅದರಲ್ಲಿರುತ್ತವೆ. ಆ ದ್ರವ ಸಿಹಿ, ಮತ್ತು ವಿಷ. ಬೆಕ್ಕು ನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಕಾರಿಗೆ ಹೆಸರು ಕೊಟ್ಟ ಸ್ಪಿಟ್‌ಫೈರ್ ಯುದ್ಧವಿಮಾನದ ಮೈಯಲ್ಲಿ ಹರಿದದ್ದೂ ಇದೇ ಗ್ಲೈಕಾಲ್. ಆ ವಿಮಾನದ ಚರಿತ್ರೆಯೂ ಕುದಿಯುವ ನೀರಿನಿಂದಲೇ ಶುರು. ಅದನ್ನು ರೂಪಿಸಿದ ಆರ್. ಜೆ. ಮಿಚೆಲ್ ಅದಕ್ಕೂ ಮೊದಲು ಮಾಡಿದ ಟೈಪ್ 224 ಎಂಬ ವಿಮಾನದಲ್ಲಿ ನೀರನ್ನು ಕುದಿಯಲು ಬಿಟ್ಟು, ಆವಿಯನ್ನು ರೆಕ್ಕೆಯೊಳಗೆ ಹಾಯಿಸಿ, ತಣಿದ ನೀರನ್ನು ಮರಳಿ ಇಂಜಿನ್ನಿಗೆ ತರುವ ಏರ್ಪಾಡಿತ್ತು. 1934ರಲ್ಲಿ ಹಾರಿಸಿ ನೋಡಿದಾಗ ಆ ಏರ್ಪಾಡು ಕೈಕೊಟ್ಟಿತು. ಮುಂದೆ 1936ರಲ್ಲಿ ಹಾರಿದ ಸ್ಪಿಟ್‌ಫೈರಿಗೆ ರೆಕ್ಕೆಯಡಿ ರೇಡಿಯೇಟರ್ ಬಂತು. ಯುದ್ಧದಲ್ಲಿ ಅಲ್ಲಿಗೆ ಒಂದು ಗುಂಡು ಬಿದ್ದರೆ ಸಾಕು, ಬಿಳಿ ಹೊಗೆ ಬಿಟ್ಟುಕೊಂಡು ಕೆಲವೇ ನಿಮಿಷದಲ್ಲಿ ಇಂಜಿನ್ ಕಚ್ಚಿಕೊಳ್ಳುತ್ತಿತ್ತು. ಆಕಾಶದಲ್ಲಿ ನಿಲ್ಲಿಸಿ ನೀರು ಕೇಳಲು ಯಾರ ಅಂಗಳವೂ ಇಲ್ಲ.

ಈಗಿನ ಕಾರುಗಳಿಗೆ ಅಂಗಳ ಬೇಕಾಗಿಯೇ ಇಲ್ಲ. ಅಲ್ಯೂಮಿನಿಯಂ ಕೋರ್, ಅದಕ್ಕೆ ರಬ್ಬರ್ ಪಟ್ಟಿಯಿಟ್ಟು ಕಚ್ಚಿಸಿದ ಪ್ಲಾಸ್ಟಿಕ್ ಟ್ಯಾಂಕ್, ವರ್ಷಗಟ್ಟಲೆ ಮುಚ್ಚಳ ತೆಗೆಯುವ ಪ್ರಮೇಯವಿಲ್ಲ. ಹಗುರ, ಅಗ್ಗ. ನಾನೂ ಅಂಥದ್ದೇ ಕಾರಿನಲ್ಲಿ ಆಗುಂಬೆ ಹತ್ತುತ್ತೇನೆ. ಯಾರ ಮನೆ ಮುಂದೆಯೂ ನಿಲ್ಲುವುದಿಲ್ಲ. ಯಾರ ಮನೆಯವರಿಗೂ ನಾನು ಯಾರೆಂದು ಗೊತ್ತಿಲ್ಲ. ನೀರು ಕೇಳುವ ಕಾರಿದ್ದದ್ದರಿಂದ ಚಿಕ್ಕಪ್ಪನಿಗೆ ತೀರ್ಥಹಳ್ಳಿಯಿಂದ ಉಡುಪಿಯವರೆಗೆ ನೆಂಟರಿದ್ದರು. ಆ ಅಜ್ಜಿ ತಮ್ಮ ಜಮೀನಿನ ತಕರಾರನ್ನು ಕೊನೆಗೆ ಅವರ ಕೈಗೇ ಕೊಟ್ಟರು. ಅರಿಶಿನದ ಋಣವೆಂದು ಚಿಕ್ಕಪ್ಪ ಫೀಸು ತೆಗೆದುಕೊಳ್ಳದೆ ನಡೆಸಿದರು.

ಹೀಗಾಗಿ ಅಳಿಯನಿಗೆ ಬರೆದ ಉತ್ತರದಲ್ಲಿ ಪಕ್ಷಪಾತ ಇತ್ತು. ಮೊದಲು ಹೋಸು, ಕ್ಲಿಪ್ಪು, ಮುಚ್ಚಳ ನೋಡು. ಎಷ್ಟೋ ಸಲ ರೇಡಿಯೇಟರಿನ ಮೇಲೆ ಬರುವ ದೂರು ಅವುಗಳದ್ದಾಗಿರುತ್ತದೆ. ಕೋರೇ ಸೋರುತ್ತಿದ್ದರೆ ಹಳೆಯ ಹಿತ್ತಾಳೆ ಟ್ಯಾಂಕ್ ಉಳಿಸಿಕೊಂಡು ತಾಮ್ರದ ಹೊಸ ಕೋರ್ ಹಾಕಿಸು. ಮುಂದೆ ಮತ್ತೆ ಸೋರಿದರೂ ಬಿಚ್ಚಿ ಬೆಸೆಯಬಹುದು. ಬೆಕ್ಕು ಬರುವ ಮೊದಲು ನೆಲ ತೊಳೆ. ಅರಿಶಿನ ಹಾಕಬೇಡ, ಅಲ್ಲಿ ಗಸಿ ತೆಗೆಯುವ ಮೇಸ್ತ್ರಿಯ ಕೂಲಿ ನಿನ್ನ ತಿಂಗಳ ದಿನಸಿಗಿಂತ ಹೆಚ್ಚಾದೀತು.

ಅಳಿಯನಿರುವ ಕೊವೆಂಟ್ರಿಯದೇ ಕ್ಯಾನ್ಲಿಯಲ್ಲಿದ್ದ ಟ್ರಯಂಫ್ ಕಾರ್ಖಾನೆ 1980ರಲ್ಲಿ ಕೊನೆಯ ಸ್ಪಿಟ್‌ಫೈರ್ ಹೊರಬಿಟ್ಟು, ಆಮೇಲೆ ನೆಲಸಮವಾಗಿದೆ. ಅಲ್ಲೊಂದು ರಸ್ತೆಗೆ ಹೆರಾಲ್ಡ್ ಅವೆನ್ಯೂ ಎಂದು ಹೆಸರಿದೆ. ಊರಿನಲ್ಲಿ ಬೆಸುಗೆ ಹಿಡಿಯಬಲ್ಲ ಒಬ್ಬರು ಸಿಕ್ಕರು ಎಂದು ಅಳಿಯ ತಿಳಿಸಿದ. ಹೊಸ ಅಲ್ಯೂಮಿನಿಯಂದಕ್ಕಿಂತ ಖರ್ಚು ಹೆಚ್ಚು, ಕಾಯುವುದೂ ಹೆಚ್ಚು, ಆದರೂ ಕೊಟ್ಟು ಬಂದನಂತೆ. ಇಷ್ಟು ದುಡ್ಡು ಸುರಿದು ಮತ್ತೆ ಸೋರಬಲ್ಲದ್ದನ್ನೇ ಹಾಕಿಸುವುದು ಯಾವ ಜಾಣತನ ಎಂದು ಅಕ್ಕನನ್ನು ಕೆಣಕಿದೆ, ಅವಳು ನನ್ನನ್ನೂ ಸೇರಿಸಿ ಬೈಯಲಿ ಎಂದು. ಅಕ್ಕ ಬಟಾಣಿ ಸುಲಿಯುತ್ತಲೇ ಹೇಳಿದಳು: "ಸೋರದ ಕಾರು ಬೇಕಿದ್ದಿದ್ರೆ ಅಲ್ಲಿ ಯಾವ ಅಂಗಡೀಲೂ ಸಿಗ್ತಿತ್ತು ಕಣೋ. ಹುಡುಕ್ಕೊಂಡು ಹೋಗಿ ಇದನ್ನೇ ತಂದಿದಾನೆ ಅಂದ್ರೆ, ಅವನಿಗೆ ಬೇಕಾಗಿದ್ದೇ ಸೋರೋದು."