ಕಿದ್ವಾಯಿಗೆ ಹೋಗೋ ಮೊದಲು ಮನೆಯಲ್ಲಿ ಮುಗಿಸಿಕೊಂಡ ಕೆಲಸಗಳು

ಟೊಮೇಟೊ ಮೂರನೇ ಕಟಾವಿನ ಲೆಕ್ಕ ಮುಂದಿನ ವಾರ ಹಾಕ್ತೀನಿ. ಈ ವಾರದ ಕೆಲಸವೇ ಬೇರೆ ಇತ್ತು. ನಮ್ಮ ಅತ್ತಿಗೆಗೆ ಎಡಗೆನ್ನೆ ಒಳಗೆ ಹುಣ್ಣಾಗಿತ್ತು. ಮುಲಾಮು, ಮಾತ್ರೆ ಎಲ್ಲಾ ಆಯ್ತು, ಎರಡು ತಿಂಗಳಾದರೂ ಮಾಯಲಿಲ್ಲ. ಕೋಲಾರದಲ್ಲಿ ಚೂರು ಮಾಂಸ ತೆಗೆದು ಬಯಾಪ್ಸಿ ಮಾಡಿಸಿದೆವು. ರಿಪೋರ್ಟಲ್ಲಿ ಬಂದ ಹೆಸರು ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ. ಬಾಯಿ ಕ್ಯಾನ್ಸರಲ್ಲಿ ಹೆಚ್ಚಿನವು ಇದೇ ಜಾತಿಯವು. ಗುರುವಾರ ಬೆಂಗಳೂರಿನ ಕಿದ್ವಾಯಿಗೆ ಮೊದಲ ಸಲ ಹೊರಟಿದ್ದೀವಿ. ಇದನ್ನು ಬರೆಯೋಕೆ ಅತ್ತಿಗೆ ಒಪ್ಪಿದ್ದಾರೆ. "ಬರಿ, ಕಡ್ಡಿಪುಡಿ ಹಾಕೋರು ಯಾರಾದರೂ ಓದಲಿ" ಅಂದರು.

ಮೊದಲು ಎದ್ದ ಪ್ರಶ್ನೆ ಯಾವಾಗ ಹೋಗೋದು ಅಂತ. ಹುಳ ಮೂರನೇ ಜ್ವರ ಎದ್ದಿದೆ. ಗೂಡು ಬಿಡಿಸಿ ಮಾರೋ ಹೊತ್ತಿಗೆ ಇನ್ನೂ ಹದಿನೆಂಟು ಇಪ್ಪತ್ತು ದಿನ. "ಇದೊಂದು ಬೆಳೆ ಆಗಲಿ, ಆಮೇಲೆ ಹೋಗೋಣ" ಅಂತ ಅತ್ತಿಗೆ ಹಠ. ಆದರೆ ಆಮೇಲೆ ಮಾವು ಶುರುವಾಗುತ್ತೆ, ಅದರ ಹಿಂದೆ ರಾಗಿ ಹೊಲ ಉಳೋದು. ನಮ್ಮಂಥವರ ಮನೆಯಲ್ಲಿ ಒಂದು ಕೆಲಸ ಮುಗಿಯೋದರೊಳಗೆ ಇನ್ನೊಂದು ಕಾದಿರುತ್ತೆ, ಬಿಡುವು ಅಂತ ಬರೋದೇ ಇಲ್ಲ. ಹಾಗಾಗಿ ಹುಳ ಮನೆಯನ್ನು ಪಕ್ಕದ ಹೊಲದವರಿಗೆ ಅರ್ಧ ಪಾಲಿಗೆ ಬಿಟ್ಟೆವು. ಸೊಪ್ಪು ನಮ್ಮದು, ಕೆಲಸ ಅವರದು. ಡೈರಿಗೆ ಹಾಲು ಹಾಕೋದನ್ನು ತಮ್ಮನ ಹೆಂಡತಿ ವಹಿಸಿಕೊಂಡಳು. ಒಂದು ದಿನದ ಏರ್ಪಾಡು ಸಾಲದು ಅಂತ ಮಾಲೂರಿನ ನಮ್ಮ ಭಾವ ಮೊದಲೇ ಹೇಳಿದ್ದರು. ಅವರ ಅಮ್ಮನಿಗೂ ಇದೇ ಆಗಿತ್ತು. ಬಾಯಿ ಕ್ಯಾನ್ಸರಿಗೆ ಕರೆಂಟು ಕೊಡೋದು ಅಂತ ಬಂದರೆ ವಾರಕ್ಕೆ ಐದು ದಿನದ ಹಾಗೆ ಸುಮಾರು ಆರು ವಾರ ಹಿಡಿಯುತ್ತೆ.

ಆಮೇಲೆ ಕಾಗದ. ಇದರಲ್ಲಿ ಮುಖ್ಯವಾದ್ದು ರಿಪೋರ್ಟ್ ಒಂದೇ ಅಲ್ಲ. ತೆಗೆದ ಮಾಂಸವನ್ನು ಲ್ಯಾಬಿನವರು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡಿ ಇಟ್ಟಿರುತ್ತಾರೆ, ಅದರಿಂದ ತೆಳ್ಳಗೆ ಕೊಯ್ದು ಗಾಜಿನ ಸ್ಲೈಡ್ ಮಾಡಿರುತ್ತಾರೆ. ಕ್ಯಾನ್ಸರ್ ಆಸ್ಪತ್ರೆಯವರು ಅವನ್ನು ತಾವೇ ಇನ್ನೊಂದು ಸಲ ನೋಡುತ್ತಾರೆ. ಅವು ಕೈಯಲ್ಲಿದ್ದರೆ ಮತ್ತೆ ಮಾಂಸ ತೆಗೆಯೋ ಕಷ್ಟ ಎಷ್ಟೋ ಸಲ ತಪ್ಪುತ್ತೆ. ಹೋಗಿ ಕೇಳಿ, ರಸೀತಿಗೆ ಸೈನ್ ಹಾಕಿ ತಂದುಕೊಳ್ಳಿ. ಬ್ಲಾಕನ್ನು ಬಿಸಿಲಲ್ಲಿ ಇಡಬೇಡಿ, ಮೇಣ ಕರಗುತ್ತೆ. ಸ್ಕ್ಯಾನ್ ಆಗಿದ್ದರೆ ಫಿಲ್ಮ್ ಜೊತೆ ಸಿಡಿನೂ ಇರಲಿ. ಬಿಪಿ, ಶುಗರ್ ಮಾತ್ರೆಗಳನ್ನು ಶೀಟಿನ ಸಮೇತ ಒಂದು ಕವರಿಗೆ ಹಾಕಿ.

ದುಡ್ಡಿನ ವಿಚಾರಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಸರ್ಕಾರಿ ದರದ ಶೇಕಡ 30, ವರ್ಷಕ್ಕೆ 1.5 ಲಕ್ಷದವರೆಗೆ. ರೇಷನ್ ಕಾರ್ಡು, ಆಧಾರ್ ಎರಡೂ ಬೇಕು. ಪಹಣಿಯಲ್ಲೊಂದು ಹೆಸರು, ಆಧಾರಲ್ಲೊಂದು ಹೆಸರು ಇರೋದು ನಮಗೆ ಹೊಸದಲ್ಲ. ಅತ್ತಿಗೆ ಹೆಸರೂ ಎರಡು ಕಡೆ ಎರಡು ಥರ ಇತ್ತು, ಈಗಲೇ ಸರಿ ಮಾಡಿಸಿದೆವು. ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯಲ್ಲಿ ರೆಫರಲ್ ಚೀಟಿನೂ ಬರೆಸಿಕೊಂಡೆವು. ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಗೆ ಹೋಗೋದಾದರೆ ಅದನ್ನು ಕೇಳ್ತಾರೆ.

ಊರಲ್ಲಿ ಇಬ್ಬರು ಬಂದು "ಚಾಕು ಮುಟ್ಟಿಸಿದಿರಿ, ಇನ್ನು ಹರಡುತ್ತೆ" ಅಂದು ಹೋದರು. ಶ್ರೀನಿವಾಸಪುರದ ಡಾಕ್ಟರನ್ನು ಕೇಳಿದೆ. ಬಾಯಿ ಹುಣ್ಣಿಂದ ಚೂರು ತೆಗೆದರೆ ಹರಡಲ್ಲ, ಹಾಗಂತ ಹೆದರಿ ಕೂತರೆ ಹರಡುತ್ತೆ ಅಂದರು.

ಇಷ್ಟೆಲ್ಲಾ ಆದ ಮೇಲೂ ಒಂದು ಕೆಲಸ ಉಳಿದಿತ್ತು. ಕಾಯಿಲೆ ಏನು ಅಂತ ಅತ್ತಿಗೆಗೆ ಯಾರೂ ಹೇಳಿರಲಿಲ್ಲ. "ಹುಣ್ಣಿಗೆ ದೊಡ್ಡಾಸ್ಪತ್ರೆ ಅಂತ ಹೇಳಿ ಕರಕೊಂಡು ಹೋಗೋಣ, ಧೈರ್ಯಗೆಡ್ತಾಳೆ" ಅಂತ ಅಣ್ಣನ ವಾದ. ಆದರೆ ಕಿದ್ವಾಯಿ 1973ರಿಂದ ಇದೆ. ಮುಳಬಾಗಿಲಿಂದ ಮಾಲೂರಿನವರೆಗೆ ಅಲ್ಲಿಗೆ ಹೋಗಿ ಬಂದವರಿಲ್ಲದ ಊರು ಕಮ್ಮಿ. ಆ ಹೆಸರು ಕೇಳಿದರೆ ಸಾಕು, ಕಾಯಿಲೆ ಏನಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಬಸ್ಸಲ್ಲಿ ಪಕ್ಕದ ಸೀಟಿನವರಿಂದ ಗೊತ್ತಾಗೋ ಬದಲು ನಮ್ಮ ಬಾಯಿಂದಲೇ ಗೊತ್ತಾಗಲಿ ಅಂದೆ. ನಾನು ಆರನೇ ಕ್ಲಾಸಲ್ಲಿದ್ದಾಗ ಈ ಮನೆಗೆ ಬಂದವರು ಅವರು. ಅಣ್ಣ ನನ್ನ ಮೇಲೇ ಹಾಕಿದ.

ಹುಳ ಮನೆಯಲ್ಲಿ ಸೊಪ್ಪು ಹಾಕ್ತಾ ಇದ್ದರು. ಹೇಳಿದೆ. ತಟ್ಟೆ ಪೂರ್ತಿ ಸೊಪ್ಪು ಹಾಕಿ ಮುಗಿಸೋವರೆಗೂ ಮಾತಾಡಲಿಲ್ಲ.

"ನಾಲಗೆ ಕೊಯ್ತಾರೇನೋ?" ಅಂದರು.

"ಗೊತ್ತಿಲ್ಲ ಅತ್ತಿಗೆ. ಡಾಕ್ಟರನ್ನ ನೀವೇ ಕೇಳಿ. ಚೀಟೀಲಿ ಬರಕೊಂಡು ಹೋಗೋಣ."

"ಹಂಗಾದ್ರೆ ಇದೂ ಬರಿ. ಶ್ರಾವಣದಲ್ಲಿ ಹುಡುಗಿ ಹೆರಿಗೆ. ಬಾಣಂತನ ಮಾಡೋಕೆ ನನಗಾಗುತ್ತಾ?"

ನಾನು ಮೊದಲೇ ಒಂದು ಪಟ್ಟಿ ಮಾಡಿಟ್ಟಿದ್ದೆ: ಎಷ್ಟನೇ ಹಂತ, ಕತ್ತಿನ ಗಂಟಿಗೆ ಹೋಗಿದೆಯಾ, ಆಪರೇಷನ್ನೋ ಕರೆಂಟೋ ಎರಡೂನಾ, ಕರೆಂಟಿಗೆ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಬೇಕಾ, ಧರ್ಮಶಾಲೆಯಲ್ಲಿ ಜಾಗ ಸಿಗುತ್ತಾ, ರೈಲಿನ ರಿಯಾಯಿತಿ ಫಾರಂ ಎಲ್ಲಿ ಕೊಡ್ತಾರೆ. ಈಗ ಅವರ ಎರಡು ಪ್ರಶ್ನೆ ಮೇಲೆ ಬಂದವು. ಮೊದಲ ದಿನವೇ ಎಲ್ಲಕ್ಕೂ ಉತ್ತರ ಸಿಗಲ್ಲ. ಪರೀಕ್ಷೆ, ಸ್ಕ್ಯಾನ್ ಆಗಿ, ಆಪರೇಷನ್ ಡಾಕ್ಟರು, ಕರೆಂಟಿನ ಡಾಕ್ಟರು, ಔಷಧಿ ಡಾಕ್ಟರು ಮಾತಾಡಿಕೊಂಡ ಮೇಲೇ ಚಿಕಿತ್ಸೆ ಏನಂತ ತೀರ್ಮಾನ. ಇದನ್ನು ಮನೆಯವರಿಗೆಲ್ಲಾ ಹೇಳಿಟ್ಟಿದ್ದೀನಿ. ಇಲ್ಲಾಂದ್ರೆ ಗುರುವಾರ ಸಾಯಂಕಾಲ "ಬರೀ ನೋಡಿ ಕಳಿಸಿಬಿಟ್ಟರಾ" ಅಂತ ನಿರಾಸೆಯಾಗ್ತಾರೆ.

ಅವತ್ತೇ ರಾತ್ರಿ ಅತ್ತಿಗೆ ತಮ್ಮ ಎಲೆಅಡಿಕೆ ಚೀಲ ತಂದು ನನ್ನ ಕೈಗೆ ಕೊಟ್ಟರು. ಈಗ ಬಿಟ್ಟರೂ ಲಾಭ ಇದೆ, ಗಾಯ ಮಾಯೋದು, ಚಿಕಿತ್ಸೆ ಹಿಡಿಯೋದು ಎರಡಕ್ಕೂ ಒಳ್ಳೇದು. ನಮ್ಮ ಹೆಂಗಸರು ಕಳೆ ಕೀಳುವಾಗ ಹಸಿವು ತಡೆಯೋಕೆ ಅಂತ ಕಡ್ಡಿಪುಡಿ ಶುರು ಮಾಡ್ತಾರೆ, ಕೆಲವರು ರಾತ್ರಿಯೆಲ್ಲಾ ದವಡೆಯಲ್ಲೇ ಇಟ್ಟು ಮಲಗ್ತಾರೆ. ಹುಣ್ಣೂ ಅದೇ ಜಾಗದಲ್ಲಿ ಏಳುತ್ತೆ. ಕಡ್ಡಿಪುಡಿ ಬಿಟ್ಟು ಬರೀ ಅಡಿಕೆ ಹಾಕಿದರೆ ತೊಂದರೆಯಿಲ್ಲ ಅನ್ನೋದೂ ಸುಳ್ಳು. ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ವರದಿ ಕೊಟ್ಟಿದೆ.

ಗುರುವಾರ ಮೊದಲ ಬಸ್ಸಿಗೆ ಹೊರಡ್ತೀವಿ. ಅತ್ತಿಗೆಗೆ ಖಾರ ಸೇರಲ್ಲ, ಫ್ಲಾಸ್ಕಿಗೆ ರಾಗಿ ಅಂಬಲಿ ಹಾಕ್ಕೊಂಡು ಹೋಗ್ತೀವಿ.

ನೀವೊಂದು ಕೆಲಸ ಮಾಡಿ. ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಎಲೆಅಡಿಕೆ, ಕಡ್ಡಿಪುಡಿ, ಗುಟ್ಕಾ ಹಾಕೋರ ಬಾಯಿ ತೆಗೆಸಿ ಟಾರ್ಚ್ ಬಿಟ್ಟು ನೋಡಿ. ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲ್ಲಾಡೋ ಹಲ್ಲು, ಕತ್ತಲ್ಲಿ ಗಂಟು, ಮೂರು ಬೆರಳು ಹೋಗದಷ್ಟು ಬಿಗಿಯಾದ ಬಾಯಿ, ಇದರಲ್ಲಿ ಒಂದು ಕಂಡರೂ ನಾಳೆಯೇ ತೋರಿಸಿ. ಬೆಳೆ ಮುಗಿಯಲಿ ಅಂತ ಕಾಯಬೇಡಿ.