ತೆರೆಯ ತಪ್ಪಿಗೆ ಮುಖಕ್ಕೆ ಮಸಿ!

ಪಿ.ಯು.ಸಿ. ಅರ್ಧಕ್ಕೇ ಬಿಟ್ಟು ಸಿನಿಮಾ ಸುದ್ದಿಯ ಬೆನ್ನು ಹತ್ತಿದವನು ನಾನು. ಈಗ ಬರೀ ಬರೆದರೆ ಹೊಟ್ಟೆ ತುಂಬುವುದಿಲ್ಲ ಸ್ವಾಮೀ! ಸಂದರ್ಶನವನ್ನು ಚಿತ್ರಿಸಬೇಕು, ಕತ್ತರಿಸಬೇಕು, ಬಣ್ಣವನ್ನೂ ಸರಿಮಾಡಬೇಕು. ವರದಿಗಾರ, ಛಾಯಾಗ್ರಾಹಕ, ಸಂಕಲನಕಾರ... ತ್ರಿಪಾತ್ರಾಭಿನಯ! ಸಂಭಾವನೆ ಮಾತ್ರ ಒಂದು ಪಾತ್ರದ್ದೂ ಪೂರ್ತಿ ಸಿಗದು.

ಕಳೆದ ವರ್ಷ ಶ್ರೀರಾಂಪುರದ ಓಣಿಯೊಂದರಲ್ಲಿ ಒಬ್ಬ ಅಜ್ಜಿಯ ಪರಿಚಯವಾಯಿತು. 1970ರ ದಶಕದಲ್ಲಿ ಮದರಾಸಿನ ಸ್ಟುಡಿಯೋಗಳಲ್ಲಿ ಗ್ರೂಪ್ ಡ್ಯಾನ್ಸರ್ ಆಗಿದ್ದವರು. ಕನ್ನಡ ಚಿತ್ರಗಳ ಕೆಲಸ ಆಗ ಬಹಳಷ್ಟು ಅಲ್ಲೇ ತಾನೇ ನಡೆಯುತ್ತಿದ್ದದ್ದು!

"ನಾನು ಕಪ್ಪು ನೋಡಪ್ಪ, ಯಾವಾಗಲೂ ಮೂರನೇ ಸಾಲಲ್ಲಿ ನಿಲ್ಲಿಸೋರು. ಅಲ್ಲಿಗೆ ಲೈಟೇ ಬರ್ತಿರಲಿಲ್ಲ" ಎಂದು ನಕ್ಕರು.

ಕಿಟಕಿಯ ಪಕ್ಕ ಕೂರಿಸಿ ಆ ನಗುವನ್ನೇ ಚಿತ್ರಿಸಿಕೊಂಡೆ. "ಈ ಸಲ ನೀವೇ ನಾಯಕಿ ಅಜ್ಜಿ" ಎಂದು ಮಾತೂ ಕೊಟ್ಟೆ.

ಒಂದು ಗಂಟೆಯ ಮಾತನ್ನು ಹನ್ನೆರಡು ನಿಮಿಷಕ್ಕೆ ಇಳಿಸಬೇಕು. ಲ್ಯಾಪ್‌ಟಾಪಿನ ಪುಟ್ಟ ಪರದೆಯಲ್ಲಿ ಕಣ್ಣು ಉರಿಯುತ್ತಿತ್ತು. ಎಸ್.ಪಿ. ರಸ್ತೆಗೆ ಹೋಗಿ 24 ಇಂಚಿನ ಹಳೇ ಮಾನಿಟರ್ ತಂದೆ. ಮನೆಗೆ ತಂದು ಸಿಕ್ಕಿಸಿದರೆ 'ನೋ ಸಿಗ್ನಲ್'! ನನ್ನ ಲ್ಯಾಪ್‌ಟಾಪಿನ ಟೈಪ್-ಸಿ ಕಿಂಡಿ ಚಾರ್ಜಿಗೆ, ಡೇಟಾಗೆ ಮಾತ್ರವಂತೆ. ಚಿತ್ರ ಕಳಿಸುವ ಯೋಗ್ಯತೆ ಎಲ್ಲ ಟೈಪ್-ಸಿಗೂ ಇರುವುದಿಲ್ಲವಂತೆ. ಎಚ್‌ಡಿಎಂಐ ತಂತಿ ಹಾಕಿದೆ, ಚಿತ್ರ ಬಂತು. ಗೆದ್ದೆ ಅಂದುಕೊಂಡೆ. ಅಲ್ಲೇ ನಾನು ಕೆಟ್ಟದ್ದು!

ಹೊಸ ತೆರೆಯಲ್ಲಿ ಅಜ್ಜಿಯ ಮುಖಕ್ಕೆ ಬೂದಿ ಬಳಿದ ಹಾಗಿತ್ತು. ಕಪ್ಪು ಸೀರೆ ಬೂದು, ಕೂದಲ ನೆರಳೂ ಬೂದು. ನನ್ನ ಕ್ಯಾಮೆರಾ ಕೆಲಸವೇ ಸರಿಯಿಲ್ಲ ಎಂದು ತೀರ್ಮಾನಿಸಿ ನೆರಳನ್ನು ಕೆಳಕ್ಕೆ ಎಳೆದೆ. ಕಪ್ಪಾಗಲಿಲ್ಲ. ಇನ್ನೂ ಎಳೆದೆ. ಕಾಂಟ್ರಾಸ್ಟ್ ಏರಿಸಿದೆ. ಮೂಲೆಯಲ್ಲಿ ವೇವ್‌ಫಾರ್ಮ್ ಎಂಬ ನಕ್ಷೆಯ ಗೆರೆಗಳು ತಳಕ್ಕೆ ಅಂಟಿಕೊಂಡು ಕೂಗುತ್ತಿದ್ದವು, 'ಸಾಕು ಮಾರಾಯ!' ಅಂತ. ನಾನು ನಂಬಿದ್ದು ದೊಡ್ಡ ತೆರೆಯನ್ನು. ರಾತ್ರಿ ಎರಡಕ್ಕೆ ಮುಗಿಸಿ ಅಜ್ಜಿಯ ಮೊಮ್ಮಗನಿಗೆ ಕಳಿಸಿ ಮಲಗಿದೆ.

ಮರುದಿನ ಸಿಹಿ ತಗೊಂಡೇ ಹೋದೆ. ಅಜ್ಜಿ ಮೊಮ್ಮಗನ ಮೊಬೈಲು ಹಿಡಿದು ಸುಮ್ಮನೆ ಕೂತಿದ್ದರು. ತೆರೆಯ ಮೇಲೆ ಎರಡು ಕಣ್ಣು, ಒಂದಷ್ಟು ಹಲ್ಲು, ಉಳಿದದ್ದೆಲ್ಲ ಕತ್ತಲೆ!

"ಇಲ್ಲೂ ನನ್ನನ್ನ ಮೂರನೇ ಸಾಲಿಗೇ ನಿಲ್ಲಿಸಿಬಿಟ್ಟೆಯಲ್ಲಪ್ಪಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಗುತ್ತಲೇ ಕೇಳಿದರು ನೋಡಿ, ಸಿಹಿಯ ಪೊಟ್ಟಣ ಎಲ್ಲಿಡಬೇಕೋ ತಿಳಿಯಲಿಲ್ಲ.

ಮನೆಗೆ ಬಂದವನೇ ಕಳ್ಳನನ್ನು ಹುಡುಕತೊಡಗಿದೆ. ಚಿತ್ರಿಸಿದ ಮೂಲ ದೃಶ್ಯವನ್ನು ಎರಡೂ ತೆರೆಗಳಲ್ಲಿ ಪಕ್ಕಪಕ್ಕ ನೋಡಿದೆ. ಲ್ಯಾಪ್‌ಟಾಪಿನಲ್ಲಿ ಅಜ್ಜಿ ಚೆನ್ನಾಗಿಯೇ ಇದ್ದಾರೆ, ಮಾನಿಟರಿನಲ್ಲಿ ಬೂದಿ! ಕ್ಯಾಮೆರಾ ನಿರಪರಾಧಿ. ಮಾನಿಟರನ್ನೂ ತಂತಿಯನ್ನೂ ಹೊತ್ತು ಗೆಳೆಯನ ಮನೆಗೆ ಹೋಗಿ ಅವನ ಕಂಪ್ಯೂಟರಿಗೆ ಹಾಕಿದೆ. ಕಪ್ಪು ಕಪ್ಪಾಗಿಯೇ ಇದೆ! ಹಾಗಾದರೆ ಅವೆರಡೂ ನಿರಪರಾಧಿಗಳೇ. ಉಳಿದದ್ದು ನನ್ನ ಲ್ಯಾಪ್‌ಟಾಪ್ ಕಳಿಸುತ್ತಿದ್ದ ಸಂಕೇತ.

ಕಥೆ ಇಷ್ಟೇ. ಕಂಪ್ಯೂಟರಿನ ಲೆಕ್ಕದಲ್ಲಿ ಕಡುಗಪ್ಪು ಅಂದರೆ 0, ಅಚ್ಚ ಬಿಳುಪು ಅಂದರೆ 255. ಟಿ.ವಿ.ಯ ಲೆಕ್ಕವೇ ಬೇರೆ. ಅಲ್ಲಿ ಕಪ್ಪು 16, ಬಿಳುಪು 235. ನನ್ನ ಲ್ಯಾಪ್‌ಟಾಪು ಮಾನಿಟರನ್ನು ಟಿ.ವಿ. ಎಂದು ತಿಳಿದು ಟಿ.ವಿ. ಲೆಕ್ಕದಲ್ಲೇ ಕಳಿಸುತ್ತಿತ್ತು. ಮಾನಿಟರು ಕಂಪ್ಯೂಟರ್ ಲೆಕ್ಕದಲ್ಲಿ ಓದಿಕೊಳ್ಳುತ್ತಿತ್ತು. 16 ಅಂದರೆ ಅದಕ್ಕೆ ಕಪ್ಪಲ್ಲ, ಬೂದು! ನಾನು ಸೊನ್ನೆಯವರೆಗೆ ಎಳೆದರೂ ಅಲ್ಲಿಗೆ ಹೋಗಿ ಮುಟ್ಟುತ್ತಿದ್ದದ್ದು 16. ಹಾಗಾಗಿ ತೆರೆಯ ಮೇಲೆ ಎಂದೂ ಕಪ್ಪಾಗಲಿಲ್ಲ, ಇತ್ತ ನಿಜವಾದ ಚಿತ್ರದಲ್ಲಿ ಅಜ್ಜಿಯ ಕೆನ್ನೆ, ಗಲ್ಲ ಎಲ್ಲ ಮಸಿಯಲ್ಲಿ ಮುಳುಗಿದವು.

ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ರೇಂಜ್ ಎಂಬಲ್ಲಿ 'ಲಿಮಿಟೆಡ್' ಎಂದಿತ್ತು, 'ಫುಲ್' ಮಾಡಿದೆ. ಒಂದೇ ಒಂದು ಕ್ಲಿಕ್ಕು! ಬೂದಿ ಹಾರಿಹೋಯಿತು. ಮೂಲ ಚಿತ್ರಣ ಹಾಗೇ ಇದ್ದದ್ದು ನನ್ನ ಪುಣ್ಯ. ಬಣ್ಣದ ಕೆಲಸವನ್ನೆಲ್ಲ ಅಳಿಸಿ ಮೊದಲಿನಿಂದ ಕೂತೆ. ಈ ಸಲ ಒಂದು ಕಣ್ಣು ವೇವ್‌ಫಾರ್ಮಿನ ಮೇಲೇ ಇತ್ತು. ತೆರೆ ಸುಳ್ಳು ಹೇಳೀತು, ಆ ನಕ್ಷೆ ಚಿತ್ರದ ಅಂಕಿಗಳನ್ನೇ ಓದುತ್ತದೆ. ಮುಗಿದ ಮೇಲೆ ನನ್ನ ಮೊಬೈಲು, ಗೆಳೆಯನ ಟಿ.ವಿ., ಎರಡರಲ್ಲೂ ಹಾಕಿ ನೋಡಿಯೇ ಹೊರಟೆ.

ಕೆಲಸ ಗೊತ್ತಿಲ್ಲದ್ದಕ್ಕೆ ನನಗೆ ನಾಚಿಕೆಯಿಲ್ಲ, ಕಲಿಯಬಹುದು. ನನ್ನನ್ನು ಕೊರೆದದ್ದು ಬೇರೆ. ಚಿತ್ರ ಕೆಟ್ಟಾಗ ನಾನು ಅಜ್ಜಿಯ ಮುಖವನ್ನು ತಿದ್ದಲು ಹೋದೆ, ನೋಡುವ ಗಾಜನ್ನು ಅನುಮಾನಿಸಲಿಲ್ಲ. ಐವತ್ತು ವರ್ಷದ ಹಿಂದೆ ಅವರನ್ನು ಹಿಂದಕ್ಕೆ ತಳ್ಳಿದವರೂ ಇದನ್ನೇ ಅಲ್ಲವೇ ಮಾಡಿದ್ದು?

ಅಜ್ಜಿ ಎರಡನೇ ಸಲ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಹನ್ನೆರಡು ನಿಮಿಷ ಮಾತಿಲ್ಲ. ಆಮೇಲೆ ಮೊಮ್ಮಗನನ್ನು ಕರೆದು, "ಬಾರೋ ಇಲ್ಲಿ, ನನ್ನ ಗಲ್ಲದ ಮಚ್ಚೆ ಕಾಣ್ತದೆ ನೋಡೋ!" ಎಂದರು.

ಆ ದಿನ ಸಿಹಿ ತರಲು ಮರೆತಿದ್ದೆ. ಅಜ್ಜಿಯೇ ಕಾಫಿ ಮಾಡಿಕೊಟ್ಟರು.